ಡಾಕ್ಟರ್ ಶಿವನಂಜಪ್ಪನವರ ಓದಿನ ಪಟ್ಟಿ

ನನ್ನ ಅಣ್ಣನ ಮಗಳು ರಶ್ಮಿ ಲೈಬ್ರರಿ ಸೈನ್ಸ್ ಓದಲು ಸೇರಿಕೊಂಡಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಅತ್ತೆ, ಅಷ್ಟು ವರ್ಷ ಅಲ್ಲಿ ಲೈಬ್ರರೀಲಿ ಕೆಲಸ ಮಾಡಿದೀರಲ್ಲ, ನಮ್ಮಂಥೋರಿಗೆ ಉಪಯೋಗ ಆಗೋ ಹಾಗೆ ಏನಾದ್ರೂ ಬರೆದುಕೊಡಿ. ಪುಸ್ತಕದಲ್ಲಿ ಇಲ್ಲದ್ದು ಬರೀರಿ" ಅಂದಳು. ನಾನು ಬರೆಯಬೇಕಾದದ್ದು ಪುಸ್ತಕದಲ್ಲಿ ಮೊದಲನೆಯ ಪುಟದಲ್ಲೇ ಇದೆ, ನಾನು ಅದನ್ನು ಪಾಲಿಸಲಿಲ್ಲ ಅಷ್ಟೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ, ಬೀಳ್ಕೊಡುಗೆಯ ದಿನ ಯಾರು ಏನು ಭಾಷಣ ಮಾಡಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ನನ್ನನ್ನು ಹೊಗಳಿದ ವಿಷಯ ಒಂದೇ ಒಂದು ಕಡೆ, ಕೊನೆಯಲ್ಲಿ ಬರುತ್ತದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ಮುಖ ಎತ್ತಲು ಆಗುವುದಿಲ್ಲ.

ನಾನು ಕೆಲಸ ಮಾಡಿದ್ದು ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್ ಹತ್ತಿರ ಇದ್ದ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯದಲ್ಲಿ. ಗಂಡ ಶ್ರೀಧರ್‌ಗೆ ಆ ಕಡೆಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿ ನಾವು ಬಂದದ್ದು. ಅದಕ್ಕೆ ಮೊದಲು ಮೈಸೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಐದು ವರ್ಷ ಇದ್ದೆ. ಅಲ್ಲಿನ ಹಿರಿಯ ಗ್ರಂಥಪಾಲಕರಾದ ಪುಟ್ಟಸ್ವಾಮಯ್ಯನವರು ನನಗೆ ಕಲಿಸಿದ ಮೊದಲ ಪಾಠ, "ಓದೋನು ಬಾಯಿ ಬಿಡೋಕೆ ಮುಂಚೆ ಪುಸ್ತಕ ಅವನ ಕೈಲಿರಬೇಕು ಕಣಮ್ಮ." ಅದಕ್ಕಾಗಿ ಅವರು ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಯಾರು ಏನು ಓದಿದರು, ಯಾವುದನ್ನು ಅರ್ಧಕ್ಕೆ ವಾಪಸ್ ಕೊಟ್ಟರು, ಮುಂದೆ ಏನು ಕೊಡಬಹುದು, ಎಲ್ಲ ಅದರಲ್ಲಿ ಇರುತ್ತಿತ್ತು. ಹುಡುಗರ ಅಪ್ಪಂದಿರು ಬಂದು ಕೇಳಿದರೆ ಅದನ್ನು ತೆಗೆದು ತೋರಿಸುತ್ತಲೂ ಇದ್ದರು. ಅದು ತಪ್ಪೆಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಮೆರಿಕದಲ್ಲಿ ನನ್ನ ಮೇಲಧಿಕಾರಿ ಡೊರೊತಿ. ದಕ್ಷಿಣ ಕೆರೊಲಿನಾದ ಒಂದು ಸಣ್ಣ ಊರಿನಿಂದ ಬಂದ ಆಫ್ರಿಕನ್ ಅಮೆರಿಕನ್ ಮಹಿಳೆ. ಎತ್ತರದ ಆಳು, ಮೆಲುದನಿ, ಕಡ್ಡಿ ಮುರಿದಂತೆ ಮಾತು. ಕೆಲಸಕ್ಕೆ ಸೇರಿದ ದಿನವೇ ನನಗೆ ಎರಡು ನಿಯಮ ಹೇಳಿದರು. ಒಂದು, ಕೇಳಿದಷ್ಟಕ್ಕೆ ಉತ್ತರ ಕೊಡು, ಯಾವ ಪುಸ್ತಕದಲ್ಲಿದೆ ಹೇಳು, ನಿಲ್ಲಿಸು. ಎರಡು, ಯಾರು ಏನು ಓದಿದರು ಎಂಬುದು ಓದಿದವರ ಸ್ವತ್ತು, ಕೋರ್ಟಿನ ಕಾಗದ ಇಲ್ಲದೆ ಯಾರು ಕೇಳಿದರೂ ಹೇಳಬಾರದು, ಪೊಲೀಸರು ಬಂದರೆ ನನ್ನ ಹತ್ತಿರ ಕಳಿಸು. ಎರಡಕ್ಕೂ ತಲೆಯಾಡಿಸಿದೆ.

ಮೊದಲನೆಯ ನಿಯಮ ನಾನು ಮುರಿದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಅಲ್ಲಿ ಜನ ಯಾವ ಸಂಶಯಕ್ಕೂ ಲೈಬ್ರರಿಗೆ ಫೋನ್ ಮಾಡುತ್ತಾರೆ. ಯಾರೋ ಒಬ್ಬ ಫೋನ್ ಮಾಡಿ, ಹದಿನಾಲ್ಕು ಪೌಂಡಿನ ಟರ್ಕಿ ಕೋಳಿ ಎಷ್ಟು ಹೊತ್ತು ಬೇಯಬೇಕು ಎಂದು ಕೇಳಿದ. ನಾನು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಅಡುಗೆ ಪುಸ್ತಕ ತೆರೆದು ಸರಿಯಾದ ಹೊತ್ತನ್ನೇ ಓದಿ ಹೇಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಮ್ಮ ಮನೆಯ ತೊಗರಿಬೇಳೆ ನೆನಪಾಗಿ, "ಯಾವುದಕ್ಕೂ ಇನ್ನೊಂದು ಗಂಟೆ ಜಾಸ್ತಿ ಇಡಿ, ಚೆನ್ನಾಗಿ ಬೇಯಲಿ" ಎಂದು ಸೇರಿಸಿದೆ. ಸೋಮವಾರ ಅವನು ಮತ್ತೆ ಫೋನ್ ಮಾಡಿ, ಟರ್ಕಿ ಒಣಗಿ ಕಟ್ಟಿಗೆಯಾಯಿತು, ನಿಮ್ಮ ಮೇಲಧಿಕಾರಿಯ ಹತ್ತಿರ ಮಾತಾಡಬೇಕು ಅಂದ. ಡೊರೊತಿ ಫೋನ್ ಇಟ್ಟು ಬಂದು, "ಗಿರಿಜಾ, ಆ ಒಂದು ಗಂಟೆ ಯಾವ ಪುಸ್ತಕದಲ್ಲಿತ್ತು?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಹೊತ್ತಿಗೆ ಕಾರ್ಡುಗಳ ಡ್ರಾಯರುಗಳು ಹೋಗಿ ಕಂಪ್ಯೂಟರ್ ಬಂದಿತ್ತು. ಓದುಗರು ಪುಸ್ತಕ ವಾಪಸ್ ಕೊಟ್ಟ ಕ್ಷಣ ಆ ಪುಸ್ತಕಕ್ಕೂ ಆ ಹೆಸರಿಗೂ ಇದ್ದ ಸಂಬಂಧವನ್ನು ಕಂಪ್ಯೂಟರ್ ಅಳಿಸಿಹಾಕುತ್ತಿತ್ತು. ಬೇಕೆಂದೇ ಹಾಗೆ ಮಾಡಿದ್ದರು. "ಯಂತ್ರ ಮರೆಯುತ್ತೆ, ನಾವೂ ಮರೆಯಬೇಕು" ಎಂದು ಡೊರೊತಿ ಹೇಳಿದ್ದರು. ನಾನು ಮರೆಯಲಿಲ್ಲ. ಪುಟ್ಟಸ್ವಾಮಯ್ಯನವರ ಶಿಷ್ಯೆಯಲ್ಲವೆ, ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ನೀಲಿ ನೋಟ್‌ಬುಕ್ ಇಟ್ಟುಕೊಂಡಿದ್ದೆ. ದಿನಾ ಬರುವವರ ಹೆಸರು, ಅವರು ಓದಿದ್ದು, ತಾರೀಖು. ಯಾರಿಗೂ ಹೇಳಿರಲಿಲ್ಲ. ಓದುಗರು ಬಾಗಿಲು ದಾಟಿ ಬರುತ್ತಿದ್ದ ಹಾಗೆ ಅವರಿಗೆ ಬೇಕಾದ ಪುಸ್ತಕ ನನ್ನ ಕೈಯಲ್ಲಿರುತ್ತಿತ್ತು, ಅವರು ಬೆರಗಾಗುತ್ತಿದ್ದರು. ಆ ಬೆರಗು ನನಗೆ ಬೇಕಿತ್ತು.

ಒಮ್ಮೆ ವಾಪಸ್ ಬಂದ ಒಂದು ತೋಟಗಾರಿಕೆ ಪುಸ್ತಕದೊಳಗೆ ಹಳೆಯ ಮದುವೆ ಫೋಟೋ ಸಿಕ್ಕಿತು. ಪುಸ್ತಕ ಯಾರ ಹತ್ತಿರ ಇತ್ತೆಂದು ಕಂಪ್ಯೂಟರಿಗೆ ಗೊತ್ತಿಲ್ಲ, ನನ್ನ ನೋಟ್‌ಬುಕ್ಕಿಗೆ ಗೊತ್ತಿತ್ತು. ಗಂಡನನ್ನು ಕಳೆದುಕೊಂಡಿದ್ದ ಒಬ್ಬ ಮುದುಕಿಯದು. ಫೋಟೋ ಕೈಗೆ ಕೊಟ್ಟಾಗ ಆಕೆ ಕೌಂಟರಿನ ಮುಂದೆಯೇ ಅತ್ತರು. ಹೇಗೆ ಗೊತ್ತಾಯಿತು ಎಂದು ಡೊರೊತಿ ಕೇಳಿದರು. ಫೋಟೋದ ಹಿಂದೆ ಗುಲಾಬಿ ಎಸಳಿನ ಕಲೆ ಇತ್ತು, ಆಕೆಯ ತೋಟದಲ್ಲಿ ಗುಲಾಬಿ ಇದೆ ಎಂದು ಕೇಳಿದ್ದೆ, ಊಹಿಸಿದೆ ಎಂದು ಸುಳ್ಳು ಹೇಳಿದೆ. ಅವತ್ತಿನಿಂದ ನಮ್ಮ ಸಿಬ್ಬಂದಿ ನನ್ನನ್ನು ಪತ್ತೇದಾರಿಣಿ ಎಂದು ಕರೆಯಲು ಶುರುಮಾಡಿದರು. ನಾನು ಒಳಗೊಳಗೇ ಹಿಗ್ಗಿದೆ.

ಇಂಥ ಹೊತ್ತಿನಲ್ಲಿ ಡಾಕ್ಟರ್ ಶಿವನಂಜಪ್ಪನವರು ಬಂದರು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಎಪ್ಪತ್ತು ದಾಟಿದ ವಯಸ್ಸು, ತೋಳು ಮಡಚಿದ ಬಿಳಿ ಅಂಗಿ, ಕೈಯಲ್ಲಿ ಸವೆದ ಕಪ್ಪು ಚರ್ಮದ ಡಾಕ್ಟರ್ ಬ್ಯಾಗು. ನನ್ನ ಎದೆಯ ಮೇಲಿದ್ದ ಹೆಸರಿನ ಬಿಲ್ಲೆ ನೋಡಿ, "ಗಿರಿಜಾ ಅಂದ್ರೆ ನಮ್ಮ ಕಡೆಯೋರೇ ಇರ್ಬೇಕು. ಕನ್ನಡ ಬರುತ್ತಾ?" ಎಂದು ಕೇಳಿದರು. ಮಗಳು ಉಮಾ ಪಕ್ಕದ ವರ್ಜೀನಿಯಾದ ಹರ್ನ್‌ಡನ್‌ನಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು, ಮನೆ ನಮ್ಮ ಲೈಬ್ರರಿಗೆ ಹತ್ತಿರದ ಟೌನ್‌ಹೌಸು. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬಂದಿದ್ದರು. ಶನಿವಾರ ಬೆಳಿಗ್ಗೆ ಆ ಮನೆಯ ಬೇಸ್‌ಮೆಂಟಿನಲ್ಲಿ ನಮ್ಮ ಕನ್ನಡ ಕುಟುಂಬಗಳ ಒಂಬತ್ತು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಮೊದಲ ವಾರ ನನ್ನನ್ನು ನೀವು ಅನ್ನುತ್ತಿದ್ದವರು ಎರಡನೆಯ ವಾರಕ್ಕೆ ನೀನು ಅಂದರು. ಆ ಪರದೇಶದಲ್ಲಿ ನನ್ನನ್ನು ನೀನು ಅನ್ನುವ ಹಿರಿಯರು ಬೇರೆ ಯಾರೂ ಇರಲಿಲ್ಲ, ನನಗೆ ಹಿತವಾಯಿತು.

ಅವರಿಗೆ ಒಂದು ಹುಚ್ಚು. ವಿಕ್ಟೋರಿಯಾ ರಾಣಿಯ ಕಾಲದ ಆ ಪ್ರಸಿದ್ಧ ಕಥೆಯ ಪತ್ತೇದಾರ ಇದ್ದಾನಲ್ಲ, ಬೂಟಿನ ಮಣ್ಣು ನೋಡಿ ಮನುಷ್ಯನ ಜಾತಕ ಹೇಳುವವನು, ಅವನ ಕಥೆಗಳನ್ನು ಹೈಸ್ಕೂಲಿನಲ್ಲಿದ್ದಾಗಿನಿಂದ ಓದಿದವರು. ಅದೇ ಲಂಡನ್ನಿನಲ್ಲಿ, ಹೆಚ್ಚುಕಡಿಮೆ ಆ ಕಥೆಗಳು ಶುರುವಾದ ಕಾಲದಲ್ಲೇ, ಬಡ ಹೆಂಗಸರನ್ನು ಒಬ್ಬರ ಹಿಂದೆ ಒಬ್ಬರಂತೆ ಕೊಂದ ಒಬ್ಬ ನಿಜವಾದ ಕೊಲೆಗಾರನಿದ್ದ. ಅವನು ಸಿಗಲೇ ಇಲ್ಲ.

"ನೋಡಮ್ಮ, ಒಂದೇ ಊರು, ಒಂದೇ ಕಾಲ" ಎಂದರು ಡಾಕ್ಟರು. "ಒಬ್ಬ ಕಥೇಲಿ ಎಲ್ಲಾರ್ನೂ ಹಿಡೀತಾನೆ. ಇನ್ನೊಬ್ಬ ನಿಜವಾಗ್ಲೂ ಇದ್ದ, ಯಾರಿಗೂ ಸಿಗ್ಲಿಲ್ಲ. ಇವರಿಬ್ರಿಗೂ ಏನು ಸಂಬಂಧ ಅಂತ ಬರೀಬೇಕು ಅಂತಿದೀನಿ. ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆ."

"ಯುಗಾದಿಗೆ ಕೊಲೆ ವಿಷ್ಯಾನಾ ಅಂಕಲ್?"

"ಬೇವು ಬೆಲ್ಲ ಎರಡೂ ಬೇಕಲ್ಲ" ಎಂದು ನಕ್ಕರು.

ಅವರು ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿದ್ದು ತಾಲೂಕು ತಾಲೂಕಿನಲ್ಲಿ ಪೋಸ್ಟ್‌ಮಾರ್ಟಂ ಮಾಡಿದವರು. "ಕಥೇಲಿ ಒಂದು ಗಾಯಕ್ಕೆ ಒಂದೇ ಅರ್ಥ. ನಾನು ನೋಡಿದ ಹೆಣಗಳ ಮೇಲೆ ಒಂದು ಗಾಯಕ್ಕೆ ಹತ್ತು ಅರ್ಥ ಇರ್ತಿತ್ತು. ಪೊಲೀಸ್ನೋರು ಒಂದನ್ನ ಹೇಳಿ ಡಾಕ್ಟ್ರೇ ಅಂತಿದ್ರು" ಎಂದು ಒಮ್ಮೆ ಹೇಳಿದರು.

ಅವರಿಗೆ ಬೇಕಾದ ಪುಸ್ತಕಗಳು ನಮ್ಮಲ್ಲಿ ಎಲ್ಲಿ ಬರಬೇಕು. ಬೇರೆ ಲೈಬ್ರರಿಗಳಿಂದ ಎರವಲು ತರಿಸುವ ಕೆಲಸ ನನ್ನದಾಗಿತ್ತು. ಅಟ್ಲಾಂಟಾದ ಒಂದು ವೈದ್ಯಕೀಯ ಕಾಲೇಜಿನಿಂದ ಹಳೆಯ ಶಸ್ತ್ರಚಿಕಿತ್ಸೆಯ ಚೂರಿಗಳ ಪುಸ್ತಕ, ಉತ್ತರ ಕೆರೊಲಿನಾದ ವಿಶ್ವವಿದ್ಯಾಲಯದಿಂದ ಆ ಕಾಲದ ಲಂಡನ್ ಪತ್ರಿಕೆಗಳ ಮೈಕ್ರೋಫಿಲ್ಮ್, ವಾಷಿಂಗ್ಟನ್‌ನಿಂದ ಕತ್ತಿನ ಗಾಯಗಳ ಮೇಲಿನ ಒಂದು ದಪ್ಪ ಗ್ರಂಥ. ಒಂದೊಂದು ಬಂದಾಗಲೂ ಡಾಕ್ಟರು ಮಗುವಿನ ಹಾಗೆ ಸಂತೋಷಪಡುತ್ತಿದ್ದರು. ಒಂದು ದಿನ ತುಸು ಸಂಕೋಚದಿಂದ ಕೇಳಿದರು.

"ಇಂಥದ್ದೆಲ್ಲ ಓದ್ತೀನಿ ಅಂತ ಕಂಪ್ಯೂಟರ್‌ನಲ್ಲಿ ನನ್ನ ಹೆಸರ ಮುಂದೆ ಇರುತ್ತೇನಮ್ಮ? ನೋಡಿದೋರು ಏನಂದ್ಕೋತಾರೋ."

"ಅಯ್ಯೋ ಇಲ್ಲ ಅಂಕಲ್. ನೀವು ಪುಸ್ತಕ ವಾಪಸ್ ಕೊಟ್ಟ ತಕ್ಷಣ ಕಂಪ್ಯೂಟರ್ ಮರೆತುಬಿಡುತ್ತೆ. ಯಾರಿಗೂ ಗೊತ್ತಾಗಲ್ಲ. ನಮ್ಮ ಲೈಬ್ರರಿ ದೊಡ್ಡತನ ಅದು" ಎಂದೆ. ಅವರು ಹೋದ ಮೇಲೆ ನೀಲಿ ನೋಟ್‌ಬುಕ್ ತೆಗೆದು ಆ ದಿನದ ಪುಸ್ತಕದ ಹೆಸರು ಬರೆದುಕೊಂಡೆ.

ಅವರು ಓದಿದ್ದನ್ನು ನಡೆದು ನೋಡುವ ಮನುಷ್ಯ. ಲಂಡನ್ನಿನ ಆ ಓಣಿಗಳ ನಡುವಿನ ದೂರವನ್ನು ಹೆಜ್ಜೆ ಲೆಕ್ಕಕ್ಕೆ ತಂದುಕೊಂಡು, ಗಸ್ತಿನ ಪೊಲೀಸನಿಗೆ ಎಷ್ಟು ನಿಮಿಷ ಹಿಡಿಯುತ್ತಿತ್ತು ಎಂದು ತಿಳಿಯಲು ತಮ್ಮ ಮನೆಯ ಹಿಂದಿನ ಕಾಡುದಾರಿಯಲ್ಲಿ ನಡೆಯುತ್ತಿದ್ದರು. ಕೈಯಲ್ಲಿ ಗಡಿಯಾರ, ನೋಟ್‌ಬುಕ್, ಅದೇ ಕಪ್ಪು ಬ್ಯಾಗು. ಆ ವರ್ಷ ಎಲೆ ಉದುರುವ ಕಾಲದಲ್ಲಿ ಅದೇ ದಾರಿಯಲ್ಲಿ ಜಾಗಿಂಗ್ ಮಾಡುತ್ತಿದ್ದ ಇಬ್ಬರು ಹೆಂಗಸರ ಮೇಲೆ ಯಾರೋ ಹಲ್ಲೆ ಮಾಡಿದ. ಇಬ್ಬರೂ ಬದುಕಿಕೊಂಡರು, ಆದರೆ ಊರಿಗೆ ಊರೇ ಹೆದರಿತು. ಹೆಂಗಸರು ಆ ದಾರಿಗೆ ಹೋಗುವುದನ್ನೇ ಬಿಟ್ಟರು. ಡಾಕ್ಟರು ಬಿಡಲಿಲ್ಲ. ಇದು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ನಾನಂತೂ ಹೇಳಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಮಫ್ತಿಯಲ್ಲಿದ್ದ ಒಬ್ಬ ಪೊಲೀಸ್ ಅಧಿಕಾರಿ ಬಂದರು. ಡೊರೊತಿ ಯಾವುದೋ ಸಭೆಗೆ ಹೋಗಿದ್ದರು. ಅಧಿಕಾರಿ ಬಹಳ ಮರ್ಯಾದಸ್ಥ. ವಯಸ್ಸಾದ ಭಾರತೀಯರೊಬ್ಬರು ಕಪ್ಪು ಚೀಲ ಹಿಡಿದು ಆ ದಾರಿಯಲ್ಲಿ ಏನೋ ಎಣಿಸುತ್ತಾ ಬರೆದುಕೊಳ್ಳುತ್ತಾ ಓಡಾಡುತ್ತಾರೆ ಎಂದು ಯಾರೋ ಫೋನ್ ಮಾಡಿದ್ದಾರೆ, ಲೈಬ್ರರಿ ಕಡೆಯಿಂದ ಬರುವುದನ್ನು ನೋಡಿದವರಿದ್ದಾರೆ, ನಿಮಗೆ ಪರಿಚಯವೇ ಎಂದು ಕೇಳಿದರು. "ಗೊತ್ತು, ನಿವೃತ್ತ ಡಾಕ್ಟರು, ಮಗಳ ಮನೆಯಲ್ಲಿದ್ದಾರೆ, ಪಾಪದವರು" ಎಂದೆ. ಅಷ್ಟು ಹೇಳಿದ್ದೇ ಹೆಚ್ಚು. ಆದರೂ ಅವರು ಸಮಾಧಾನದಿಂದ ತಲೆಯಾಡಿಸಿ, ನಿಮ್ಮಂಥವರಿಗೆ ಪರಿಚಯವಿದ್ದರೆ ಸರಿ ಎಂದು ತಮ್ಮ ಪುಸ್ತಕ ಮುಚ್ಚಿ ಎದ್ದುಬಿಟ್ಟರು.

ನಾನು "ಒಂದು ನಿಮಿಷ" ಎಂದೆ.

ಈ ಒಂದು ನಿಮಿಷವನ್ನು ರಶ್ಮಿಯ ವಯಸ್ಸಿನವರಿಗೆ ಹೇಗೆ ವಿವರಿಸಲಿ. ವೀಸಾಕ್ಕೆ, ಗ್ರೀನ್ ಕಾರ್ಡಿಗೆ ಕಚೇರಿಯಿಂದ ಕಚೇರಿಗೆ ಅಲೆದ ನಮ್ಮ ಪೀಳಿಗೆಗೆ ಒಂದು ಅಭ್ಯಾಸ. ಒಂದು ಕಾಗದ ಕೇಳಿದರೆ ನಾಲ್ಕು ಕೊಡುತ್ತೇವೆ. ಜನ್ಮಪತ್ರ ಕೇಳಿದವರ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮದುವೆ ಆಲ್ಬಮ್ಮು, ಮಾವನ ಪಿಂಚಣಿ ಆದೇಶ ಎಲ್ಲ ಹರಡುತ್ತೇವೆ. ಹೆಚ್ಚು ಕಾಗದ ಕೊಟ್ಟಷ್ಟೂ ನಮ್ಮ ಮೇಲೆ ಅನುಮಾನ ಕಡಿಮೆಯಾಗುತ್ತದೆ ಎಂದು ನಂಬಿದವರು ನಾವು. ಡಾಕ್ಟರು ಎಂಥ ವಿದ್ವಾಂಸರು ಎಂದು ತೋರಿಸಿಬಿಟ್ಟರೆ ಅಧಿಕಾರಿಯ ಮನಸ್ಸಿನಲ್ಲಿ ಚೂರೂ ಅನುಮಾನ ಉಳಿಯುವುದಿಲ್ಲ ಎಂದುಕೊಂಡೆ. ನೀಲಿ ನೋಟ್‌ಬುಕ್ ತೆಗೆದು, ಟೈಪ್‌ರೈಟರಿನ ಮುಂದೆ ಕುಳಿತು, ಡಾಕ್ಟರು ಓದಿದ ಹದಿನಾಲ್ಕು ಪುಸ್ತಕಗಳ ಹೆಸರನ್ನು ತಾರೀಖು ಸಮೇತ ನೀಟಾಗಿ ಟೈಪ್ ಮಾಡಿ ಕೊಟ್ಟೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರೆ. ನಾನು ಬಿಟ್ಟದ್ದು ಇನ್ನೊಬ್ಬರ ಮೈಮೇಲೆ.

ಅಧಿಕಾರಿ ಪಟ್ಟಿ ಓದಿದರು. ಚೂರಿಗಳು, ಕತ್ತಿನ ಗಾಯಗಳು, ಸಿಗದೇ ಹೋದ ಕೊಲೆಗಾರ. ಅವರು ಮತ್ತೆ ಕುಳಿತುಕೊಂಡರು. ಇದನ್ನೆಲ್ಲ ಡಾಕ್ಟರು ಒಂದು ಲೇಖನಕ್ಕಾಗಿ ಓದುತ್ತಿದ್ದಾರೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಹೋದಂತೆ ಕಾಣಲಿಲ್ಲ. ಇತ್ತೀಚೆಗೆ ಡಾಕ್ಟರಲ್ಲಿ ಬೇರೆ ಏನಾದರೂ ಗಮನಿಸಿದಿರಾ ಎಂದು ಕೇಳಿದರು.

ಇಲ್ಲಿಯವರೆಗಿನದನ್ನು ಪೆದ್ದುತನ ಎಂದು ಕ್ಷಮಿಸಬಹುದು. ಮುಂದಿನದನ್ನು ನಾನೇ ಕ್ಷಮಿಸಿಕೊಂಡಿಲ್ಲ. ಒಬ್ಬ ನಿಜವಾದ ಪತ್ತೇದಾರ ನನ್ನನ್ನು ಅಭಿಪ್ರಾಯ ಕೇಳುತ್ತಿದ್ದಾನೆ ಎಂಬ ಜಂಬ ತಲೆಗೇರಿತು. ಒಂದು ಗಳಿಗೆ ಡಾಕ್ಟರ ಮೇಲೆ ನನಗೂ ಅನುಮಾನ ಬಂತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. "ಹೋದ ವಾರ ಅವರ ಬಲಗೈ ಹೆಬ್ಬೆರಳ ಬುಡದಲ್ಲಿ ಒಂದು ಹೊಸ ಗಾಯ ಇತ್ತು, ಪಟ್ಟಿ ಸುತ್ತಿಕೊಂಡಿದ್ದರು" ಎಂದೆ. ಅಧಿಕಾರಿ ಅದನ್ನು ಬರೆದುಕೊಂಡು, ನಿಮ್ಮ ಕಣ್ಣು ಬಹಳ ಚುರುಕು ಎಂದರು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಉಮಾ ನಮ್ಮ ಮನೆಗೆ ಫೋನ್ ಮಾಡಿದಳು.

"ಗಿರಿಜಾ, ಮನೆಗೆ ಪೊಲೀಸ್ ಬಂದಿದಾರೆ. ಕ್ಲಾಸ್ ಆಗ್ತಾನೆ ಶುರುವಾಗಿತ್ತು, ಮಕ್ಕಳನ್ನ ಬಿಡೋಕೆ ಬಂದ ಪೇರೆಂಟ್ಸ್ ಎಲ್ಲಾ ಡ್ರೈವ್‌ವೇನಲ್ಲೇ ನಿಂತಿದಾರೆ. ಅಪ್ಪನ ಬ್ಯಾಗು, ನೋಟ್ಸ್ ಎಲ್ಲಾ ತಗೊಂಡು ಹೋಗ್ಲಾ ಅಂತ ಕೇಳ್ತಿದಾರೆ. ಕೈ ತೋರಿಸು ಅಂತಿದಾರೆ. ಏನ್ ಮಾಡ್ಲಿ?"

ಹಿಂದಿನಿಂದ ಅವಳ ಮಗಳು ಮೇಘಾ ಅಳುತ್ತಾ, "ತಾತ ಏನೂ ಮಾಡಿಲ್ಲ, ಹೀ ಜಸ್ಟ್ ವಾಕ್ಸ್" ಎನ್ನುತ್ತಿದ್ದದ್ದು ಕೇಳಿಸಿತು.

"ಗಾಬರಿ ಆಗ್ಬೇಡ ಉಮಾ, ಏನೋ ಮಿಸ್ಟೇಕ್ ಆಗಿರುತ್ತೆ" ಎಂದೆ. ಮತ್ತೆ ನಾಲಿಗೆ ಕಚ್ಚಿಕೊಂಡು ಕೇಳಿದೆ, "ಕೈಗೆ ಏನಾಗಿತ್ತು ಅವರಿಗೆ?"

"ಕಾಯಿ ತುರಿಯೋಕೆ ಹೋಗಿ ಈಳಿಗೆಮಣೆ ತಗುಲಿಸ್ಕೊಂಡ್ರು. ಬೇಡ ಅಂದ್ರೂ ಕೇಳಲ್ಲ, ಮೊಮ್ಮಗಳಿಗೆ ಕೊಬ್ಬರಿ ಮಿಠಾಯಿ ಮಾಡ್ತೀನಿ ಅಂತ."

ಫೋನ್ ಇಟ್ಟು ಅಡುಗೆಮನೆಗೆ ಹೋಗಿ ನನ್ನ ಬಲಗೈ ನೋಡಿಕೊಂಡೆ. ಹೆಬ್ಬೆರಳ ಬುಡದಲ್ಲಿ ಅಂಥದೇ ಮೂರು ಹಳೆಯ ಗಾಯದ ಗುರುತುಗಳಿದ್ದವು. ಹನ್ನೆರಡನೆಯ ವಯಸ್ಸಿನಿಂದ ಕಾಯಿ ತುರಿದ ಕೈ ಇದು. ಆ ಗಾಯ ಏನೆಂದು ಇಡೀ ಊರಿನಲ್ಲಿ ನೋಡಿದ ತಕ್ಷಣ ಹೇಳಬಹುದಾಗಿದ್ದವಳು ನಾನೊಬ್ಬಳೇ ಇದ್ದೆ.

ಡಾಕ್ಟರನ್ನು ಯಾರೂ ಬಂಧಿಸಲಿಲ್ಲ. ಎರಡು ಗಂಟೆ ಪ್ರಶ್ನೆ ಕೇಳಿ, ಬ್ಯಾಗನ್ನೂ ಬರವಣಿಗೆಯನ್ನೂ ತೆಗೆದುಕೊಂಡು ಹೋದರು. ಆದರೆ ನಮ್ಮವರ ಬಾಯಿಗೆ ಬಾಗಿಲುಂಟೆ. ಭಾನುವಾರ ದೇವಸ್ಥಾನದ ಊಟದ ಸಾಲಿನಲ್ಲಿ ಅದೇ ಮಾತು. ಮುಂದಿನ ಶನಿವಾರ ಕ್ಲಾಸಿಗೆ ಎರಡು ಮಕ್ಕಳು ಬಂದವು, ಅದರ ಮುಂದಿನ ವಾರ ಯಾರೂ ಬರಲಿಲ್ಲ. ಒಬ್ಬ ತಾಯಿ ನನ್ನ ಹತ್ತಿರವೇ, "ಅಂಕಲ್ ಒಳ್ಳೇವ್ರೇ ಇರಬಹುದು, ಆದ್ರೂ ಮಕ್ಕಳ ವಿಷ್ಯ ನೋಡಿ" ಎಂದಳು. ನಾನು ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಡಾಕ್ಟರು ಪ್ರತಿ ಶನಿವಾರ ಹತ್ತು ಗಂಟೆಗೆ ಬೇಸ್‌ಮೆಂಟಿಗೆ ಇಳಿದು ಹಲಗೆ ಒರೆಸಿ ಕಾಯುತ್ತಾರೆ ಎಂದು ಉಮಾ ಹೇಳಿದಳು.

ಹತ್ತು ದಿನ ಕಳೆದು ಅದೇ ಅಧಿಕಾರಿ ಮತ್ತೆ ಬಂದರು. ಕೈಯಲ್ಲಿ ಡಾಕ್ಟರ ಬರವಣಿಗೆಯ ಜೆರಾಕ್ಸ್. ಈ ಲಿಪಿ ನಮ್ಮಲ್ಲಿ ಯಾರಿಗೂ ಬರುವುದಿಲ್ಲ, ನೀವು ಓದಿ ಹೇಳುತ್ತೀರಾ ಎಂದು ಕೇಳಿದರು. ಈ ಸಲ ಡೊರೊತಿ ಇದ್ದರು. ಏನು ವಿಷಯ ಎಂದು ಅವರೂ ಬಂದು ಕುಳಿತರು, ಅಧಿಕಾರಿಯ ಕಡತದಲ್ಲಿದ್ದ ನಾನು ಟೈಪ್ ಮಾಡಿದ ಪಟ್ಟಿ ಅವರ ಕಣ್ಣಿಗೆ ಬಿತ್ತು. ಇಬ್ಬರ ಮುಂದೆ ನಾನು ಓದಿ ಓದಿ ಇಂಗ್ಲಿಷಿಗೆ ಹೇಳುತ್ತಾ ಹೋದೆ. ಬಹಳಷ್ಟು ಹಳೆಯ ಪತ್ರಿಕೆಗಳಿಂದ ಇಳಿಸಿಕೊಂಡ ಟಿಪ್ಪಣಿ. ಕೊನೆಯ ಎರಡು ಪುಟ ಡಾಕ್ಟರ ಸ್ವಂತ ಮಾತು. ಅದು ನನಗೆ ಇಂದಿಗೂ ಬಾಯಿಪಾಠವಾಗಿದೆ.

"ಕಥೆಯ ಪತ್ತೇದಾರ ಆ ಕೊಲೆಗಾರನನ್ನು ಏಕೆ ಹಿಡಿಯಲಿಲ್ಲ ಎಂದು ಜನ ಕೇಳುತ್ತಾರೆ. ಅವನು ಕಥೆಯಲ್ಲಿದ್ದ, ಬರಲಾಗಲಿಲ್ಲ. ಆದರೆ ಅಂಥ ಕಥೆಗಳನ್ನು ಓದಿದವರು ಊರ ತುಂಬ ಇದ್ದರು. ಪೊಲೀಸರಿಗೆ ರಾಶಿ ರಾಶಿ ಕಾಗದ ಬಂತು. ನಮ್ಮ ಬಾಡಿಗೆಯವನು ಹೊತ್ತಲ್ಲದ ಹೊತ್ತಿನಲ್ಲಿ ನಡೆಯುತ್ತಾನೆ, ಎದುರು ಮನೆಯ ವೈದ್ಯ ಕಪ್ಪು ಚೀಲ ಹಿಡಿಯುತ್ತಾನೆ, ಪಕ್ಕದ ಓಣಿಯ ಪರದೇಶಿಯ ಕೈಯಲ್ಲಿ ಗಾಯವಿದೆ. ಬರೆದವರು ಕೆಟ್ಟವರಲ್ಲ. ಕಂಡದ್ದನ್ನು ಹೇಳಿದರು, ಕೇಳದಿದ್ದರೂ ಹೇಳಿದರು. ಕೊಲೆಗಾರ ಸಿಗಲಿಲ್ಲ. ಸಿಕ್ಕಿಬಿದ್ದವರು ಚೀಲ ಹಿಡಿದವರು, ಪರದೇಶಿಗಳು. ಆ ಇಬ್ಬರಿಗೂ ಇರುವ ಸಂಬಂಧ ಇಷ್ಟೇ ಎಂದು ನನಗೆ ತೋರುತ್ತದೆ."

ಅದರ ಕೆಳಗೆ ಇನ್ನೊಂದು ಸಾಲು ಇತ್ತು. "ಈ ಪರದೇಶದಲ್ಲಿ ನನಗೆ ಬೇಕಾದ ಪುಸ್ತಕಗಳನ್ನು ಅಟ್ಲಾಂಟಾದಿಂದಲೂ ತರಿಸಿಕೊಟ್ಟ ನಮ್ಮ ಮೈಸೂರಿನ ಮಗಳು ಗಿರಿಜಾಗೆ ನನ್ನ ಆಶೀರ್ವಾದಗಳು."

ನಾನು ನಿಲ್ಲಿಸಿದ್ದನ್ನು ನೋಡಿ ಅಧಿಕಾರಿ, ಕೊನೆಯ ಸಾಲು ಏನು ಎಂದರು. ಲೈಬ್ರರಿಗೆ ವಂದನೆ ಹೇಳಿದ್ದಾರೆ ಎಂದೆ. ಅವರು ಕಾಗದಗಳನ್ನು ಜೋಡಿಸಿಕೊಂಡು, ಎಲ್ಲವನ್ನೂ ಅವರ ಮನೆಗೆ ವಾಪಸ್ ಕಳಿಸುತ್ತೇವೆ ಎಂದು ಹೇಳಿ ಹೋದರು. ಹಲ್ಲೆ ಮಾಡಿದವನು ಬೇರೆ ಯಾರೋ, ಚಳಿಗಾಲ ಮುಗಿಯುವ ಮೊದಲೇ ಸಿಕ್ಕಿಬಿದ್ದ.

ಡೊರೊತಿ ಎದ್ದು ಬಾಗಿಲು ಹಾಕಿ ಬಂದರು. ಪೊಲೀಸರ ಹತ್ತಿರ ಆ ಪಟ್ಟಿ ಹೇಗೆ ಬಂತು ಎಂದು ಕೇಳಿದರು. ನಾನು ನೀಲಿ ನೋಟ್‌ಬುಕ್ ತಂದು ಅವರ ಮುಂದಿಟ್ಟೆ, ಎಲ್ಲವನ್ನೂ ಹೇಳಿದೆ. ಮುದುಕಿಯ ಫೋಟೋದ ಸುಳ್ಳನ್ನೂ ಹೇಳಿದೆ. ಅವರು ನೋಟ್‌ಬುಕ್ಕನ್ನು ತೆರೆಯದೆ ಪಕ್ಕಕ್ಕೆ ಸರಿಸಿದರು. ಆಮೇಲೆ ತಮ್ಮ ಮೆಲುದನಿಯಲ್ಲೇ ಹೇಳಿದರು. "ನಾನು ಹುಟ್ಟಿದ ಊರಿನ ಲೈಬ್ರರಿಗೆ ನಮ್ಮವರನ್ನು ಬಿಡುತ್ತಿರಲಿಲ್ಲ. ನನ್ನ ತಂದೆ ನಮ್ಮವರ ಹಕ್ಕಿನ ಪರವಾದ ಪತ್ರಿಕೆ ತರಿಸಿಕೊಂಡು ಓದುತ್ತಾರೆ ಎಂದು ಒಬ್ಬ ಅವರ ಯಜಮಾನರ ಕಿವಿಗೆ ಹಾಕಿದ, ತಂದೆಯ ಕೆಲಸ ಹೋಯಿತು. ಹೇಳಿದವನು ನಮ್ಮ ಚರ್ಚಿನವನೇ. ಒಳ್ಳೆಯ ಮನುಷ್ಯ. ನನ್ನ ತಂದೆಯನ್ನು ಹೊಗಳಬೇಕೆಂದೇ ಹೇಳಿದ್ದ."

ನನ್ನನ್ನು ಕೆಲಸದಿಂದ ತೆಗೆಯುತ್ತೀರಾ ಎಂದು ಕೇಳಿದೆ. ಹಾಗೆ ಮಾಡಿದರೆ ನಿನಗೆ ಹಗುರವಾಗುತ್ತದೆ, ಆಗಬಾರದು ಎಂದರು. ನೋಟ್‌ಬುಕ್ಕಿನ ಒಂದೊಂದೇ ಹಾಳೆ ಹರಿದು ನನ್ನ ಕೈಯಿಂದಲೇ ಕಾಗದ ಕತ್ತರಿಸುವ ಯಂತ್ರಕ್ಕೆ ಹಾಕಿಸಿದರು. ಅದು ಮುಗಿದ ಮೇಲೆ, "ಇನ್ನು ಹೋಗಿ ಆ ಡಾಕ್ಟರಿಗೆ ಹೇಳು. ಬೇರೆಯವರಿಂದ ತಿಳಿಯುವ ಮೊದಲು ನೀನೇ ಹೇಳು" ಎಂದರು. ಆಗಲಿ ಎಂದೆ. ಎರಡು ಸಲ ಉಮಾಳ ಮನೆಯ ತನಕ ಡ್ರೈವ್ ಮಾಡಿಕೊಂಡು ಹೋಗಿ, ಕಾರಿನಿಂದ ಇಳಿಯದೆ ವಾಪಸ್ ಬಂದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಡಾಕ್ಟರೇ ಬಂದರು. ಪುಸ್ತಕಗಳನ್ನು ದಿನಸಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು.

"ಬ್ಯಾಗ್ ಎಲ್ಲಿ ಅಂಕಲ್?" ಎಂದು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಅದು ಬೇಡಮ್ಮ. ಜನ ಹೆದರ್ತಾರೆ." ಪುಸ್ತಕಗಳನ್ನು ಒಂದೊಂದಾಗಿ ಕೌಂಟರಿನ ಮೇಲಿಟ್ಟರು. "ಮುಂದಿನ ವಾರ ಮೈಸೂರಿಗೆ ಹೊರಟೆ. ಮಗಳು ಇರಿ ಅಂತಾಳೆ. ಪಾಠ ಹೇಳೋಕೂ ಮಕ್ಕಳಿಲ್ಲ, ನಡೆಯೋಕೂ ದಾರಿಯಿಲ್ಲ, ಇಲ್ಲಿ ಕೂತು ಏನ್ ಮಾಡ್ಲಿ."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ನಾನು ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಾ ಕುಳಿತೆ.

"ಒಂದು ಮಾತು ಕೇಳ್ಬೇಕಿತ್ತು ನಿನ್ನ" ಎಂದರು. "ಆ ಪೊಲೀಸ್ನೋರ ಹತ್ರ ನಾನು ಓದಿದ ಪುಸ್ತಕಗಳ ಪಟ್ಟಿ ಇತ್ತು. ಹದಿನಾಲ್ಕೂ ಇತ್ತು, ತಾರೀಖು ಸಮೇತ. ಅದು ಹೇಗೆ ಸಿಕ್ತು ಅಂತ ಅವತ್ತಿಂದ ಯೋಚ್ನೆ ಮಾಡ್ತಿದೀನಿ."

"ಕಂಪ್ಯೂಟರ್‌ನಲ್ಲಿ ಎಲ್ಲಾ ಇರುತ್ತಲ್ಲ ಅಂಕಲ್" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಮೇಜಿನ ಕೆಳಗಿನ ಖಾಲಿ ಖಾನೆಯ ಕಡೆ ಹೋಯಿತು.

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿನಿಂದಲ್ಲ. ಮೂವತ್ತು ವರ್ಷ ಒಂದು ಗಾಯಕ್ಕೆ ಹತ್ತು ಅರ್ಥ ಹುಡುಕಿದ ಮನುಷ್ಯ, ನನಗಾಗಿ ಬೇರೆ ಒಂಬತ್ತು ಅರ್ಥಗಳನ್ನೂ ಹುಡುಕುತ್ತಿದ್ದರೇನೋ.

"ಪುಸ್ತಕ ವಾಪಸ್ ಕೊಟ್ಟ ತಕ್ಷಣ ಕಂಪ್ಯೂಟರ್ ಮರೆತುಬಿಡುತ್ತೆ ಅಂತ ನೀವೇ ಹೇಳಿದ್ರಿ" ಎಂದರು.

ನಾನು ತಲೆ ತಗ್ಗಿಸಿದೆ. ನೀವು ಅಂದದ್ದು ಕಿವಿಯಲ್ಲಿ ಹಾಗೇ ನಿಂತಿತು. ಅವರು ಜೇಬಿನಿಂದ ಲೈಬ್ರರಿ ಕಾರ್ಡು ತೆಗೆದು ಪುಸ್ತಕಗಳ ಮೇಲಿಟ್ಟು, "ಇದನ್ನೂ ತಗೊಂಡುಬಿಡಿ" ಎಂದು ಹೇಳಿ ಪ್ಲಾಸ್ಟಿಕ್ ಚೀಲವನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ನಾನು ಅವರ ಹಿಂದೆ ಎದ್ದು ಹೋಗಲಿಲ್ಲ. ಮೈಸೂರಿನ ವಿಳಾಸಕ್ಕೆ ಆಮೇಲೆ ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಹರಿದೆ. ಮೂರು ವರ್ಷದ ನಂತರ ಅವರು ತೀರಿಕೊಂಡರು ಎಂದು ಉಮಾ ಹೇಳಿದಳು.

ರಶ್ಮಿ, ನಿನಗೆ ಹೇಳುವುದು ಇಷ್ಟು. ನೋಟ್‌ಬುಕ್ ಇಡಬೇಡ. ಯಾರನ್ನೋ ಕಾಪಾಡುತ್ತೇನೆ ಎಂದುಕೊಂಡೂ ಕೇಳದ್ದನ್ನು ಹೇಳಬೇಡ. ಹೇಳಿಬಿಟ್ಟರೆ, ಹೇಳಿದವಳು ನಾನೇ ಎಂದು ಒಪ್ಪಿಕೋ, ಅದೇ ವಾರ ಒಪ್ಪಿಕೋ.

ಇನ್ನು ಆ ಹೊಗಳಿಕೆಯ ವಿಷಯ. ಡಾಕ್ಟರು ಮೈಸೂರಿಗೆ ಹೋದ ಮೇಲೆ ತಮ್ಮ ಲೇಖನವನ್ನು ಪೂರ್ತಿ ಮಾಡಿ ಸಂಘಕ್ಕೆ ಅಂಚೆಯಲ್ಲಿ ಕಳಿಸಿದ್ದರು. ಯುಗಾದಿಯ ದಿನ ಒಂದು ಸ್ಕೂಲಿನ ಸಭಾಂಗಣದಲ್ಲಿ ಸಂಚಿಕೆ ಹಂಚಿದರು. ಪುಳಿಯೋಗರೆಯ ತಟ್ಟೆ ಕೆಳಗಿಟ್ಟು, ಲೇಖನದ ಕೊನೆಯ ಪುಟ ತೆಗೆದೆ. ಆ ಸಾಲು ಹಾಗೆಯೇ ಇತ್ತು. ನಮ್ಮ ಮೈಸೂರಿನ ಮಗಳು ಗಿರಿಜಾ, ಅಟ್ಲಾಂಟಾ, ಆಶೀರ್ವಾದಗಳು, ಒಂದು ಅಕ್ಷರವನ್ನೂ ಅವರು ತೆಗೆದಿರಲಿಲ್ಲ. ಮಕ್ಕಳನ್ನು ಕ್ಲಾಸಿನಿಂದ ಬಿಡಿಸಿದ್ದ ಅದೇ ತಾಯಂದಿರು ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದರು.

"ಅಂಕಲ್ ನಿಮ್ಮನ್ನ ಎಷ್ಟು ಹೊಗಳಿದಾರೆ ನೋಡಿ. ಎಷ್ಟು ಹೆಲ್ಪ್ ಮಾಡಿದೀರ ನೀವು ಅವರಿಗೆ."

ನಾನು ಎಲ್ಲರಿಗೂ ಥ್ಯಾಂಕ್ಸ್ ಹೇಳಿದೆ.